ಅವ್ವನ ಮೂಲೆಯ ಹಿಡಿ ಮಣ್ಣು

ಬೆಂಗೇರಿ, ಹುಬ್ಬಳ್ಳಿ
೧೫ ಸೆಪ್ಟೆಂಬರ್ ೨೦೨೫

ಮಗಳೇ ಸ್ನೇಹಲ್,

ಜೈಭೀಮ್. ನೀನು ಫೋನ್ ಮಾಡಿದಾಗಲೆಲ್ಲ "ಆರಾಮ ಅದೇನಿ" ಎಂದು ಇಟ್ಟುಬಿಡುತ್ತೇನೆಂದು ಸಿಟ್ಟಾಗಿದ್ದೀ. ಸಿಟ್ಟಾಗು, ತಪ್ಪಿಲ್ಲ. ಕೆಲವು ಮಾತು ನನಗೆ ಫೋನಿನಲ್ಲಿ ಬರುವುದಿಲ್ಲ, ಅದಕ್ಕೇ ತಡವಾದರೂ ಪೆನ್ನು ಹಿಡಿದೆ.

ಮೊದಲು ಬೇಲೂರು ಕೈಗಾರಿಕಾ ಪ್ರದೇಶದ ಪಕ್ಕದ ನಮ್ಮ ಹೊಲದ ಸುದ್ದಿ. ನಾನು ಬೀದರಿನಲ್ಲಿ ನಿನ್ನ ಮನೆಯಲ್ಲಿದ್ದಾಗ ನಿಮ್ಮಣ್ಣ ಲೋಹಿತ ಮೇಲಿನ ಕರಿಮಣ್ಣನ್ನೆಲ್ಲ ಕೆರೆಸಿ ಬೈರಿದೇವರಕೊಪ್ಪದ ಲೇಔಟಿಗೆ ಮಾರಿದನಲ್ಲ, "ಹೆಂಗಿದ್ರೂ ನಾಳೆ ಪ್ಲಾಟ್ ಆಗೋ ಹೊಲ ಐತ್ರಿ ಅಪ್ಪಾ" ಎಂದು. ಅಂದಿನಿಂದ ನೀನು ಅವನೊಡನೆ ಮಾತು ಬಿಟ್ಟೆ. ನಾನು ಕೆಲಸವಿದ್ದಷ್ಟೇ ಆಡುತ್ತೇನೆ. ಹೊಲದಲ್ಲಿ ಉಳಿದದ್ದು ಬರೀ ಗರಸು, ಏನೂ ಬೆಳೆಯದ ಕಲ್ಲುಮಣ್ಣು.

ಹಟಕ್ಕೆ ಬಿದ್ದು ಹೋದ ವರ್ಷ ನಾನು ಮಾಡಿದ್ದು ಕೇಳಿದರೆ ನಗುತ್ತೀ. ಕಾರ್ಖಾನೆಯವರು ಪುಕ್ಕಟೆ ಕೊಡುತ್ತಾರೆಂದು ಕಟ್ಟಿಗೆಪುಡಿಯನ್ನು ಟ್ರ್ಯಾಕ್ಟರಿನಲ್ಲಿ ತಂದು, ಕೊಳೆಸದೆ ಹಾಗೇ ಬೆರೆಸಿದೆ. ಅದು ತಾನು ಕೊಳೆಯುವುದಕ್ಕೆ ಇದ್ದಬದ್ದ ಸತ್ವವನ್ನೂ ತಿಂದಿತು, ಗೋವಿನಜೋಳ ಹಳದಿಯಾಗಿ ನಿಂತಿತು. ಜೀವಮಾನವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಸಾಧನೆ ಇದು.

ಈ ವರ್ಷ ಸೆಣಬು ಬಿತ್ತಿ, ಹೂವಿಗೆ ಬಂದಾಗ ಮಣ್ಣಿನೊಳಗೇ ಮಗುಚಿದೆವು. ತಿಪ್ಪೆಗೊಬ್ಬರ ಹರಡಿದೆವು. ಹೌದು, ಲೋಹಿತನೂ ಭಾನುವಾರ ಬರುತ್ತಾನೆ. ನಾನು ಕರೆದಿಲ್ಲ. ಬುಟ್ಟಿ ಹೊರುತ್ತಾನೆ, ಹೋಗುತ್ತಾನೆ.

ನಿನ್ನೆ ಮಣ್ಣಿಗೆ ಜೀವ ತುಂಬುವ ಜೀವಾಮೃತಕ್ಕೆ ಇಟ್ಟೆವು. ಡ್ರಮ್ಮಿಗೆ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಬಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅದಕ್ಕೆ ಅದೇ ಹೊಲದ, ಯಾರೂ ಕೆದಕದ ಒಂದು ಹಿಡಿ ಮಣ್ಣೂ ಬೇಕು. ನನ್ನಕ್ಕ, ನಿನ್ನ ದುರಗವ್ವತ್ತೆ, ಸುತ್ತ ನೋಡಿ, "ಅಂಥಾ ಮಣ್ಣ ಇಲ್ಲಿ ಎಲ್ಲಿ ಉಳದೈತೋ ತಮ್ಮಾ? ಆಕಿ ಮೂಲ್ಯಾಗಷ್ಟ ಐತಿ" ಎಂದಳು. ಆಕಿ ಎಂದರೆ ನಿಮ್ಮವ್ವ. ಅಂದು ಜೆಸಿಬಿ ಓಡಿಸಿದ ದಸ್ತಗೀರಸಾಬ ಅವಳ ಸಮಾಧಿಯಿರುವ ಮೂಲೆಯೊಂದನ್ನು ಬಿಟ್ಟು ಉಳಿದದ್ದನ್ನು ಕೆರೆದಿದ್ದ.

ಲೋಹಿತ ಅಲ್ಲಿ ಕೂತು ಕೈ ಚಾಚಿದ. ನನಗೆ ಎಲ್ಲಿತ್ತೋ ಸಿಟ್ಟು, "ನೀ ಮುಟ್ಟಬ್ಯಾಡ" ಎಂದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನಾನೇ ಒಂದು ಹಿಡಿ ತೆಗೆದೆ. ತಣ್ಣನೆಯ ಕರಿಮಣ್ಣು, ಒಳಗೊಂದು ಎರೆಹುಳ. ಹುಳವನ್ನು ಅಲ್ಲೇ ಬಿಟ್ಟು, ಮಣ್ಣನ್ನು ತಂದು ಡ್ರಮ್ಮಿಗೆ ಹಾಕಿದೆ. ಅವನು ಎದ್ದು ಬಂದು ಕೋಲಿನಿಂದ ಡ್ರಮ್ಮು ತಿರುವಿದ.

ಹಿಂಗಾರಿಗೆ ಕಡಲೆ ಬಿತ್ತಬೇಕೆಂದಿದ್ದೇನೆ. ನಿನ್ನ ಕಾಲೇಜಿಗೆ ದಸರಾ ರಜೆ ಬಂದ ಕೂಡಲೇ ಬಾ. ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧನ ಕರುಣೆ ನಿನ್ನ ಮನೆಯ ಮೇಲಿರಲಿ.

ನಿನ್ನ ಅಪ್ಪ,
ಅರ್ಜುನಪ್ಪ

ತಾ.ಕ.: ನಿಜವಾಗಿ ಬರೆಯಲು ಕೂತದ್ದು ಇದನ್ನು. ಅವ್ವನನ್ನು ಮಣ್ಣು ಮಾಡುವ ದಿನ ಲೋಹಿತ ಚುನಾವಣೆ ಡ್ಯೂಟಿಯಲ್ಲಿ ದೂರ ಇದ್ದ. ಬಿಸಿಲೆಂದು ನಾವು ಅವನಿಗಾಗಿ ಕಾಯಲಿಲ್ಲ. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು, ಅವನೊಬ್ಬ ಹಾಕಲಿಲ್ಲ. ನಿನ್ನೆ ಹೊರಡುವಾಗ ನಾನು ಮಣ್ಣು ತೆಗೆದ ತಗ್ಗನ್ನು ನೋಡುತ್ತ ಕೇಳಿದ: "ಅಪ್ಪಾ, ಇಲ್ಲಿ ಒಂದ ಹಿಡಿ ನಾ ಹಾಕ್ಲೇನ್ರಿ? ಅವತ್ತ ಹಾಕಾಕ ಆಗಲಿಲ್ಲ ನನಗ." ಹೂಂ ಎನ್ನಬೇಕಿತ್ತು, ಎನ್ನದೆ ಬುಟ್ಟಿ ಎತ್ತಿಕೊಂಡೆ. ಮಳೆಗೆ ತಗ್ಗು ತುಂಬಿಹೋದೀತೆಂದು ಅದರ ಮೇಲೆ ಬುಟ್ಟಿ ಬೋರಲು ಹಾಕಿ ಬಂದಿದ್ದೇನೆ. ಲಗೂ ಬಾ ಮಗಳೇ. ಬಂದು ನೀನಾದರೂ ಅವನಿಗೆ ಹಾಕು ಎನ್ನು.