ಮೊದಲು ನಿಮ್ಮ ಕಡೇನ ಬಂದೇವಿ

ನಿಡೋಣಿ
೧೨ ಆಗಸ್ಟ್ ೧೯೭೬

ವಿಜಾಪುರದ ಡಾಕ್ಟರ್ ಸಾಹೇಬರಿಗೆ ನಿಡೋಣಿ ಶಾಲೆಯ ಮಾಸ್ತರ ಶಾಂತಪ್ಪನ ನಮಸ್ಕಾರಗಳು.

ಈ ಪತ್ರ ತಂದಿರುವ ಮಲಕವ್ವ ನಮ್ಮ ಓಣಿಯವಳು. ಆಕೆಗೆ ಓದು ಬಾರದು. "ಬ್ಯಾರೆ ಯಾರಿಗೂ ತೋರಿಸಿಲ್ಲಂತ ಬರೀರಿ ಮಾಸ್ತರ. ಇಲ್ಲಾಂದ್ರ ದೊಡ್ಡ ಡಾಕ್ಟರ್ ಸಿಟ್ಟಾಗ್ತಾರ" ಎಂದು ಎದುರಿಗೇ ಕೂತು ಬರೆಸುತ್ತಿದ್ದಾಳೆ. ನಾನು ಹಾಗೆ ಬರೆಯುತ್ತಿಲ್ಲ. ಆಕೆ ಎರಡು ತಿಂಗಳಿಂದ ಬಬಲೇಶ್ವರದ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಿದ್ದಾಳೆ. ಅವರ ಚೀಟಿ ಆಕೆಯ ಸೆರಗಿನ ಗಂಟಿನಲ್ಲಿದೆ. ಬೈಯದೆ ಕೇಳಿದರೆ ಬಿಚ್ಚಿ ಕೊಡುತ್ತಾಳೆ. ದಯವಿಟ್ಟು ಅದನ್ನು ಓದಿದ ಮೇಲೆಯೇ ಔಷಧಿ ಕೊಡಿ. ನೀವು ಕೊಟ್ಟದ್ದನ್ನು ಅದೇ ಚೀಟಿಯ ಹಿಂದೆ ಬರೆದು ಕಳಿಸಿದರೆ, ನಾನೇ ಬಬಲೇಶ್ವರಕ್ಕೆ ಒಯ್ದು ಅವರಿಗೆ ತೋರಿಸುತ್ತೇನೆ.

ನನ್ನ ಹೆಂಡತಿ ಸೋನಾಬಾಯಿಯನ್ನು ನೀವು ಮರೆತಿರಲಿಕ್ಕಿಲ್ಲ. ಎರಡು ವರ್ಷದ ಹಿಂದೆ, ಸೂಜಿ ಮಾಡುವ ಮುಂಚೆ, ಮೊದಲು ಯಾರಿಗಾದರೂ ತೋರಿಸಿದ್ದಿರಾ ಎಂದು ಕೇಳಿದಿರಿ. "ಇಲ್ಲರಿ, ಮೊದಲು ನಿಮ್ಮ ಕಡೇನ ಬಂದೇವಿ" ಎಂದೆ. ಆಕೆ ನನ್ನ ಮುಖ ನೋಡಿದಳು. ಸೂಜಿ ಮಾಡಿದ ಸ್ವಲ್ಪ ಹೊತ್ತಿಗೆ ನಿಮ್ಮ ಬೆಂಚಿನ ಮೇಲೆಯೇ ಆಕೆಯ ಉಸಿರು ನಿಂತಿತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಈಗಲೂ ಹುಡುಗರ ಹಿಂದೆ ಗೋಡೆಗೆ ನಿಂತು ಹಾಗೆಯೇ ನೋಡುತ್ತಾಳೆ.

"ಎಲ್ಲಿ ತಪ್ಪಿತೋ ತಿಳೀವಲ್ದು, ಮಾಸ್ತರ" ಎಂದು ಅಂದು ನೀವು ನನ್ನ ಕೈ ಹಿಡಿದಿರಿ.

ಇದರೊಳಗೆ ಇನ್ನೊಂದು ಚೀಟಿ ಇಟ್ಟಿದ್ದೇನೆ. ಅದು ಮಲಕವ್ವನದಲ್ಲ. 'ಈಕೆಗೆ ಪೆನಿಸಿಲಿನ್ ಸೂಜಿ ಮಾಡಬಾರದು' ಎಂದು ಬಬಲೇಶ್ವರದ ಡಾಕ್ಟರು ಬರೆದಿದ್ದಾರೆ. ನೀವು ಕೇಳಿದಾಗ ಅದು ನನ್ನ ಅಂಗಿಯ ಕಿಸೆಯಲ್ಲಿತ್ತು.

ಇಂತಿ,
ಶಾಂತಪ್ಪ