ಮೂವತ್ತೊಂಬತ್ತನೆಯ ಹಾಡಿನ ಉಸಿರು

ಮೂವತ್ತೆಂಟನೆಯ ಆಲಿಕೆಗೆ ಎರಡು ದಿನ ಮೊದಲು
(ನಿಮ್ಮ ಲೆಕ್ಕದಲ್ಲಿ ಇಸವಿ ೨೫೦೪, ಹೆಚ್ಚುಕಡಿಮೆ)
ಬ್ಯಾಡಗಿ, ತಣ್ಣನೆಯ ಮನೆ

‘ಘಾಟು’ ತಂಡದ ಹಾಡುಗಾರ ಸಂಗಮೇಶ ಕದರಮಂಡಲಗಿ ಅವರಿಗೆ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ನಿಮ್ಮ ಹಾಡುಗಳನ್ನು ಹಿಡಿದಿಟ್ಟ ಕರಿತಟ್ಟೆಗಳ ಜೊತೆ ಬಂದ ಹಾಳೆಗಳಿಂದ ಮತ್ತು ಗೋದಾಮಿನಲ್ಲಿ ಉಳಿದ ಗೋಣಿಚೀಲಗಳ ಮೇಲಿನ ಅಚ್ಚಿನಿಂದ. ನನ್ನ ಮಾತು ಒಮ್ಮೆ ಕಿರುಚಿದಂತೆಯೂ ಇನ್ನೊಮ್ಮೆ ಮಾಲಿನ ದರ್ಜೆ ಹೇಳಿದಂತೆಯೂ ಕೇಳಿಸಿದರೆ ಮನ್ನಿಸಬೇಕು. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತಿಳಿಯದು. ನನಗೆ ನಲವತ್ತಾರು, ಇದನ್ನು ಓದುವಾಗ ನಿಮಗೆ ಮೂವತ್ತು ತುಂಬಿರುವುದಿಲ್ಲ. ವಯಸ್ಸಿಗೆ ನೀವು ನನ್ನ ತಮ್ಮ, ಕಾಲಕ್ಕೆ ನನ್ನ ಮುತ್ತಜ್ಜನ ಮುತ್ತಜ್ಜನಿಗೂ ಹಿರಿಯರು. ‘ನೀವು’ ಅಂದರೆ ಎರಡಕ್ಕೂ ಸಲ್ಲುತ್ತದೆ. ನನ್ನ ಹೆಸರು ಫಕೀರವ್ವ. ನಿಮ್ಮ ಎರಡನೆಯ ತಟ್ಟೆಯ ನಾಲ್ಕನೆಯ ಹಾಡಿನ ಮನೆಯವಳು.

ಹಾಡಿನ ಮನೆ ಅಂದರೇನು ಎಂದು ಹೇಳಬೇಕು. ನಿಮ್ಮ ನಂತರ ಬಿಸಿಲಿನ ವರ್ಷಗಳು ಬಂದವು. ಊರಿಗೆ ಊರೇ ಬೇಯುತ್ತಿದ್ದಾಗ ಕೆಲವು ಕುಟುಂಬಗಳು ಮೆಣಸಿನಕಾಯಿ ಇಡುತ್ತಿದ್ದ ಹಳೆಯ ಕೋಲ್ಡ್ ಸ್ಟೋರೇಜಿನ ದಪ್ಪ ಗೋಡೆಗಳೊಳಗೆ ಹೊಕ್ಕು ಜೀವ ಉಳಿಸಿಕೊಂಡವು. ಅದೇ ಕಟ್ಟಡ, ಅದೇ ಮೂಲೆಯ ಕೋಣೆ, ನೀವು ನಾಲ್ವರು ಗಿಟಾರು ಡ್ರಮ್ಮು ಇಟ್ಟುಕೊಂಡು ಕೂಗುವ ಜಾಗ. ಅಷ್ಟರಲ್ಲಿ ಜಗತ್ತಿನ ಯಂತ್ರಗಳು ಹಿಡಿದಿಟ್ಟಿದ್ದ ದನಿಗಳೆಲ್ಲ ಅಳಿಸಿಹೋಗಿದ್ದವು. ಅದನ್ನು ನಾವು ದೊಡ್ಡ ಮರೆವು ಅನ್ನುತ್ತೇವೆ. ಉಳಿದದ್ದು ಆ ಕೋಣೆಯ ಕಪಾಟಿನಲ್ಲಿದ್ದ ನಿಮ್ಮ ಐದು ಕರಿತಟ್ಟೆಗಳು, ಅವುಗಳಲ್ಲಿ ಮೂವತ್ತೊಂಬತ್ತು ಹಾಡು. ಒಳಗೆ ಬಂದ ಕುಟುಂಬಗಳನ್ನು ಎಣಿಸಿದರೆ ಅವೂ ಮೂವತ್ತೊಂಬತ್ತು. ಲೆಕ್ಕ ಹೀಗೆ ಕೂಡಿಬಂದದ್ದನ್ನು ನಮ್ಮ ಹಿರಿಯರು ಸುಮ್ಮನೆ ಬಿಡಲಿಲ್ಲ. ಮನೆಗೊಂದು ಹಾಡು ಹಂಚಿದರು.

ಕರಿತಟ್ಟೆಗಳನ್ನು ಜಾಲಿ ಮುಳ್ಳಿನಿಂದ ನುಡಿಸಬೇಕು, ಕೈಯಿಂದ ತಿರುಗಿಸಬೇಕು. ಪ್ರತಿ ಸಲವೂ ಮುಳ್ಳು ಒಂದಿಷ್ಟು ದನಿಯನ್ನು ಕೆರೆದುಕೊಂಡು ಹೋಗುತ್ತದೆ. ಮೊದಲ ನಾಲ್ಕು ತಟ್ಟೆ ಹೀಗೇ ಸವೆದು ಮೂಕವಾದವು. ಅಷ್ಟು ಹೊತ್ತಿಗೆ ಆ ಹಾಡುಗಳು ಗಂಟಲಿಗೆ ಇಳಿದಿದ್ದವು. ನಾನು ಎಂಟನೆಯ ವಯಸ್ಸಿಗೆ ಹೊಟ್ಟೆಯಿಂದ ಕಿರುಚುವುದನ್ನು ಕಲಿತೆ. ನಮ್ಮ ಹೊತ್ತಿನ ಅಳತೆಯೂ ನಿಮ್ಮದೇ. ನಿಮ್ಮ ಡ್ರಮ್ಮಿನ ದಾದಾಪೀರ್ ಹಾಡು ಶುರುವಾಗುವ ಮೊದಲು ನಾಲ್ಕರವರೆಗೆ ಎಣಿಸುತ್ತಾನಲ್ಲ, ಆ ಎಣಿಕೆಗೆ ಹಿಡಿಯುವ ಹೊತ್ತನ್ನು ಒಂದು ದಾದಾ ಅನ್ನುತ್ತೇವೆ. ನವಣೆ ಅನ್ನಕ್ಕೆ ಸಾವಿರ ದಾದಾ ಬೇಕು. ಒಂದೇ ತಟ್ಟೆಯ ಮನೆಯವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಕೂಡದು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಅಡುಗೆಯನ್ನಲ್ಲ, ಕೂಗನ್ನು.

ನಿಮ್ಮ ಬದುಕು ನಮಗೆ ದನಿಯಲ್ಲೇ ಗೊತ್ತು. ‘ಗೋದಾಮು’ ಅನ್ನುವ ಮೊದಲ ತಟ್ಟೆಯಲ್ಲಿ ಐದು ಹಾಡು, ಯಾವುದೂ ನೂರು ದಾದಾ ದಾಟುವುದಿಲ್ಲ. ಹದಿನೆಂಟರ ಹುಡುಗ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಂತಿದೆ. ‘ತೊಟ್ಟು’ ಅನ್ನುವ ಎರಡನೆಯದರಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಬೆರಳು ಉರಿಯುವ ನಿಮ್ಮವ್ವ ಬರುತ್ತಾಳೆ. ನನ್ನ ಹಾಡು ಅವಳದ್ದೇ, ದಿನವೂ ನಸುಕಿಗೆ ಅವಳನ್ನು ನೆನೆಯುತ್ತೇನೆ. ‘ಎರಡು ಡಿಗ್ರಿ’ಯ ಹೊತ್ತಿಗೆ ನೀವು ಕೂಗಿನ ನಡುವೆ ರಾಗ ಎಳೆಯುವುದನ್ನು ಕಲಿತಿರಿ. ನೀವು ಬೈಯುವಾಗ ಗಿಟಾರು ಅಳುತ್ತದೆ, ನೀವು ಅತ್ತರೆ ಅದು ಓಡುತ್ತದೆ. ಅದನ್ನು ಕೇಳಿದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ. ಏಳನೆಯ ಹಾಡಿನಿಂದ ಆ ತಟ್ಟೆಯ ಕೊನೆಯವರೆಗೆ ನಿಮ್ಮ ‘ಸ’ಕಾರ ಸೀಟಿ ಹೊಡೆಯುತ್ತದೆ, ಮುಂದಿನ ಹಲ್ಲೊಂದು ಹೋಗಿರಬೇಕು. ಏಳರಿಂದ ಹನ್ನೆರಡರವರೆಗಿನ ಮನೆಯವರು ಹದಿನಾರು ತುಂಬಿದಾಗ ಮುಂದಿನ ಹಲ್ಲೊಂದನ್ನು ಕೀಳಿಸಿಕೊಳ್ಳುತ್ತಾರೆ.

ನಗಬೇಡಿ. ನಮ್ಮಲ್ಲಿ ಹಾಡು ಅಂದರೆ ಪದ ಮತ್ತು ರಾಗ ಮಾತ್ರವಲ್ಲ, ತಟ್ಟೆಯಲ್ಲಿ ಇದ್ದದ್ದೆಲ್ಲ ಹಾಡೇ. ಕುರ್ಚಿ ಕಿರುಗುಟ್ಟಿದ್ದು, ಹೊರಗೆ ನಾಯಿ ಬೊಗಳಿದ್ದು, ನೀವು ಮೂರು ಸಣ್ಣಗೆ ಒಂದು ಉದ್ದಕ್ಕೆ ಕೆಮ್ಮುವುದು, ಎಲ್ಲವನ್ನೂ ಮನೆಮನೆಗೂ ಚಾಚೂ ತಪ್ಪದೆ ಇಳಿಸಿಕೊಂಡು ಬಂದಿದ್ದೇವೆ. ‘ಅರ್ಧ’ ಅನ್ನುವ ನಾಲ್ಕನೆಯ ತಟ್ಟೆಯಲ್ಲಿ ಎರಡನೆಯ ಹಾಡು ಮುಗಿದ ಮೇಲೆ ನೀವು ಒಂದು ಮಾತು ಆಡುತ್ತೀರಿ. ಆ ಮನೆಯ ಮಗು ತೊದಲು ನುಡಿಯುವ ಮೊದಲ ವಾಕ್ಯ ಅದೇ.

“ದಾದಾ, ಗ್ವಾಡ್ಯಾಗ ಯಾರೋ ಕಾಗದ ಇಟ್ಟಾರ ನೋಡಲೇ.”

ಆಮೇಲೆ ಕಾಗದ ಬಿಚ್ಚುವ ಸದ್ದು, ಆಮೇಲೆ ನಿಮ್ಮ ನಗು. ನಾಲ್ಕು ನೂರು ವರ್ಷ ನಾವು ಆ ನಗುವನ್ನು ನಕ್ಕಿದ್ದೇವೆ, ಅದು ಯಾರ ಕಾಗದ ಎಂದು ಯಾರೂ ಕೇಳಲಿಲ್ಲ. ಆ ಕಾಗದವನ್ನು ನಾನು ಇವತ್ತು ಬರೆಯುತ್ತಿದ್ದೇನೆ. ಹಿಂದಿನವರು ಗೋಡೆಯಲ್ಲಿಟ್ಟದ್ದು ನಮಗೆ ಸಿಗುವುದು ಸರಿ, ನಾವಿಟ್ಟದ್ದು ಅವರಿಗೆ ಹೇಗೆ ಸಿಗುತ್ತದೆ ಎಂಬುದು ನನಗೆ ಗೊತ್ತಿಲ್ಲ. ಸಿಕ್ಕಿತು ಎಂಬುದಷ್ಟೇ ಗೊತ್ತು. ನಕ್ಕಿದ್ದೂ ಗೊತ್ತು. ನಕ್ಕು ಮುಗಿಸಿ ಮುಂದೆ ಓದಿ, ಯಾಕೆಂದರೆ ಐದನೆಯ ತಟ್ಟೆಯನ್ನು ನೀವು ಇನ್ನೂ ಮಾಡಿಲ್ಲ.

ಅದರ ಹೆಸರು ‘ಬಾಗಿಲು ಹಾಕಿ’. ಅದರ ಕೊನೆಯ ಹಾಡಿಗೆ ಹೆಸರಿಲ್ಲ. ನಿಮ್ಮ ದನಿ ಅದರಲ್ಲಿ ಪೂರಾ ಸವೆದಿದೆ. ಅರ್ಧ ಹಾಡಿಗೆ ನಿಮಗೆ ಕೆಮ್ಮು ಬರುತ್ತದೆ, ಮೂರು ಸಣ್ಣದು, ಒಂದು ಉದ್ದ. ಗಿಟಾರು ನಿಲ್ಲುತ್ತದೆ. ಒಂದು ಉಸಿರು ಒಳಗೆ ಎಳೆದದ್ದು ಕೇಳುತ್ತದೆ. ‘ಧಡ್’ ಎಂದು ಒಂದು ಸದ್ದು. ಅಷ್ಟೇ. ಮುಂದೆ ಮುನ್ನೂರು ದಾದಾ ತಟ್ಟೆ ತಿರುಗುತ್ತದೆ, ಅದರಲ್ಲಿ ಉಸಿರೂ ಇಲ್ಲ. ಕೊನೆಗೆ ಇನ್ನೊಂದು ‘ಧಡ್’ ಆಗಿ ಮುಗಿಯುತ್ತದೆ. ಅದನ್ನು ಯಾಕೆ ಕತ್ತರಿಸದೆ ಬಿಟ್ಟಿರೋ ನಿಮಗೇ ಗೊತ್ತು. ನಿಮ್ಮ ಪಾಲಿಗೆ ತಮಾಷೆ ಇದ್ದೀತು.

ಈ ಒಂದು ತಟ್ಟೆ ಮಾತ್ರ ಇನ್ನೂ ನುಡಿಯುತ್ತದೆ. ಸವೆಯಬಾರದೆಂದು ಹನ್ನೆರಡು ವರ್ಷಕ್ಕೊಮ್ಮೆ ಹೊರತೆಗೆದು ಎಲ್ಲರೂ ಕೇಳುತ್ತೇವೆ; ಅದೇ ಆಲಿಕೆ. ಕೊನೆಯ ಹಾಡಿನ ಮನೆಯವರು ಅದರ ಜೊತೆಗೆ ಕೂಗಬೇಕು. ಮೊದಲೆಲ್ಲ ಆ ಮುನ್ನೂರು ದಾದಾ ಹಾಡುವವರು ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದರು. ಮೂರು ಆಲಿಕೆಯ ಹಿಂದೆ ನಮ್ಮ ಹಿರಿಯ ರೇವಣಜ್ಜ ತಟ್ಟೆಗೆ ಕಿವಿಯಿಟ್ಟು, ಸುಮ್ಮನಿರುವುದು ಬೇರೆ, ಉಸಿರಿಲ್ಲದಿರುವುದು ಬೇರೆ ಎಂದು ತೀರ್ಪು ಕೊಟ್ಟ. ಸಂಗಮೇಶಪ್ಪ ಅಲ್ಲಿ ತೀರಿಕೊಂಡಿದ್ದಾನೆ, ‘ಧಡ್’ ಅನ್ನುವುದು ಅವನ ಎದೆಯ ಕೊನೆಯ ಬಡಿತ, ಮುನ್ನೂರು ದಾದಾ ಆದ ಮೇಲೆ ಅದೇ ಎದೆ ಮತ್ತೆ ಬಡಿಯಿತು ಅಂದ. ಅಂದಿನಿಂದ ಹಾಡುವವರ ಮೂಗುಬಾಯಿಗೆ ಏಳು ಮಡಿಕೆಯ ಒದ್ದೆ ಬಟ್ಟೆ ಕಟ್ಟುತ್ತಾರೆ, ಮೈ ಮೋಸ ಮಾಡಬಾರದೆಂದು. ಮೊದಲು ಆ ಮನೆಯ ಅಜ್ಜ ಹೋದ. ಮುಂದಿನ ಸಲ ಅವನ ಮಗ. ಹನ್ನೆರಡು ವರ್ಷದ ಹಿಂದೆ, ಆ ಮನೆಗೆ ಸೊಸೆಯಾಗಿ ಹೋಗಿದ್ದ ನನ್ನ ಅಕ್ಕ ಸಿದ್ಲಿಂಗವ್ವ. ಎರಡನೆಯ ‘ಧಡ್’ಗೆ ಅವರಲ್ಲಿ ಯಾರ ಎದೆಯೂ ಬಡಿಯಲಿಲ್ಲ. ಅಕ್ಕನ ಮೇಲೆ ನಾನು ಮೂರು ಹಿಡಿ ಮಣ್ಣು ಹಾಕಿದೆ. ಅವಳ ಮಗಳು ಹೊನ್ನಿ ಆಗ ಐದು ವರ್ಷದವಳು, ನನ್ನ ಸೆರಗಿನೊಳಗೆ ನಿಂತು ಅವ್ವ ಯಾವಾಗ ಕೆಮ್ಮುತ್ತಾಳೆ ಎಂದು ಕೇಳುತ್ತಿದ್ದಳು.

ಹೊನ್ನಿಗೆ ಈಗ ಹದಿನೇಳು. ನಾಡಿದ್ದು ಅವಳ ಸರದಿ. ಹಾಡು ಬೇರೆ ಮನೆಗೆ ಹೋಗಲಿ ಎಂದು ನಾನು ಕಾಲು ಹಿಡಿದಷ್ಟು ಮಾಡಿದೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದ್ದು ಇಷ್ಟೇ:

“ಅದು ಅವ್ವನ ಹಾಡು, ಚಿಗವ್ವಾ. ಮಂದಿಗೆ ಕೊಡಾಕ ನನಗ ಮನಸಿಲ್ಲ.”

ನಿನ್ನೆ ಬೆಳಗ್ಗೆ ಆಲಿಕೆಗೆಂದು ಆ ಕೋಣೆಯನ್ನು ಗುಡಿಸಲು ಹೋಗಿದ್ದೆ. ಅದು ನಮ್ಮ ಮನೆಯ ಪಾಳಿ. ಡ್ರಮ್ಮಿನ ಮೂಲೆಯಲ್ಲಿ ಗೋಡೆಯ ತಗಡು ಸಡಿಲಾಗಿತ್ತು, ಒತ್ತಿ ಕೂರಿಸಲು ಹೋದರೆ ಕಳಚಿ ಬಿತ್ತು. ಒಳಗಿನಿಂದ ಕೆಂಪು ಧೂಳು ಹೊಗೆಯಂತೆ ಎದ್ದು ಮುಖಕ್ಕೆ ಬಡಿಯಿತು. ಮೆಣಸಿನಕಾಯಿ ಎಂಬುದನ್ನು ನಾವು ಯಾರೂ ಕಂಡವರಲ್ಲ, ನಿಮ್ಮ ಹಾಡಿನಲ್ಲಿ ಕೇಳಿದ್ದೇವೆ ಅಷ್ಟೇ. ಕಣ್ಣು ಉರಿಯಿತು, ಗಂಟಲು ಹಿಡಿಯಿತು, ನನಗೆ ಕೆಮ್ಮು ಬಂತು. ಮೂರು ಸಣ್ಣದು, ಒಂದು ಉದ್ದ. ಸಂಗಮೇಶಪ್ಪ, ನಾನು ಹಾಡುತ್ತಿರಲಿಲ್ಲ. ಕೆಮ್ಮು ತಾನಾಗಿಯೇ ಹಾಗೆ ಬಂತು. ಒಂದು ಉಸಿರು ಎಳೆದುಕೊಂಡು, ಬಾಯಿ ಮುಚ್ಚಿ ಹೊರಗೆ ಓಡಿದೆ. ಆ ಕೋಣೆಯ ಕಬ್ಬಿಣದ ಬಾಗಿಲನ್ನು ನಮ್ಮವರು ತಲೆಮಾರುಗಳಿಂದ ಕಲ್ಲು ಇಟ್ಟು ತೆರೆದೇ ಇಡುತ್ತಾರೆ. ಓಡುವಾಗ ನನ್ನ ಕಾಲು ತಾಗಿ ಕಲ್ಲು ಸರಿಯಿತು, ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು.

ಧಡ್.

ನಾನು ಅಂಗಳದಲ್ಲಿ ಕುಕ್ಕರಿಸಿ ಕುಳಿತು ಅತ್ತೆ. ಘಾಟಿಗೆ ಅತ್ತೆನೋ ಅಕ್ಕನಿಗೆ ಅತ್ತೆನೋ ಗೊತ್ತಿಲ್ಲ. ನೀವು ಸತ್ತಿರಲಿಲ್ಲ. ನೀರು ಕುಡಿಯಲು ಹೊರಗೆ ಹೋಗಿದ್ದಿರಿ, ಬಾಗಿಲು ಎಳೆದುಕೊಂಡು ನಾಲ್ವರೂ ಹೋಗಿದ್ದಿರಿ. ಯಂತ್ರ ಖಾಲಿ ಕೋಣೆಯನ್ನು ಹಿಡಿಯುತ್ತ ಕುಳಿತಿತ್ತು. ಮುನ್ನೂರು ದಾದಾ ಆದ ಮೇಲೆ ಮರಳಿ ಬಂದಿರಿ. ಖಾಲಿ ಕೋಣೆಯ ಹಾಗೆ ಇರಲು ಹೋಗಿ ಆ ಮನೆಯ ಮೂವರು ಸತ್ತರು.

ಇದನ್ನು ರೇವಣಜ್ಜನಿಗೆ ಹೇಳಿದೆ. ಬಾಗಿಲನ್ನೂ ಹಾಕಿ ತೋರಿಸಿದೆ. ಅವನು ಕೆಟ್ಟವನಲ್ಲ. ಬಾಗಿಲನ್ನು ತಾನೇ ಇನ್ನೊಮ್ಮೆ ಎಳೆದು ಕೇಳಿದ. ಮೂರು ಜೀವಕ್ಕೆ ತಾನೇ ಬಟ್ಟೆ ಕಟ್ಟಿದವನು ಈಗ ನನ್ನ ಮಾತು ಒಪ್ಪಿದರೆ ಆಮೇಲೆ ಹೇಗೆ ಬದುಕುತ್ತಾನೆ? ಮೆಲ್ಲಗೆ ಹೇಳಿದ:

“ತಟ್ಟ್ಯಾಗ ಇಲ್ಲದ್ದು ನಮ್ಮೊಳಗ ಇರಬಾರ್ದವ್ವಾ. ಉಸಿರೂ ಅಷ್ಟ.”

ಆದ್ದರಿಂದ ಅದು ತಟ್ಟೆಯಲ್ಲೇ ಇರಬೇಕು. ನನ್ನ ಬೇಡಿಕೆ ದೊಡ್ಡದಲ್ಲ. ಹಾಡನ್ನು ಬದಲಿಸಬೇಡಿ, ಕೆಮ್ಮನ್ನು ತಡೆಯಬೇಡಿ. ಆ ದಿನ ಕೊನೆಯ ಹಾಡಿನ ನಡುವೆ ಘಾಟು ಹತ್ತಿ ಎದ್ದಾಗ, ಬಾಗಿಲು ಎಳೆಯುವ ಮೊದಲು, ನಿಮ್ಮವ್ವ ನಿಮಗೆ ಕಲಿಸಿರುವ ಒಂದು ಮಾತು ಹೇಳಿ: ‘ಹೋಗಿ ಬರ್ತೇನಿ.’ ಅಷ್ಟೇ. ಇಷ್ಟು ತಲೆಮಾರು ದಾಟಿದರೂ ನಮ್ಮಲ್ಲಿ ಯಾರೂ ಬರೀ ಹೋಗುತ್ತೇನೆ ಎಂದು ಹೊಸ್ತಿಲು ದಾಟುವುದಿಲ್ಲ. ಆ ಮಾತು ಕೇಳಿದರೆ ಮೂರು ವರ್ಷದ ಕೂಸಿಗೂ ತಿಳಿಯುತ್ತದೆ, ಹೋದವರು ಹೊರಗಿದ್ದಾರೆ, ಬರುತ್ತಾರೆ. ನಿಮಗೆ ಅದು ಒಂದು ದಾದಾದ ಮಾತು. ಇಲ್ಲಿ ಅದಕ್ಕೊಂದು ಹುಡುಗಿಯ ಜೀವ ಕಾದಿದೆ. ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ರೊಟ್ಟಿ ಬಡಿಯಲು ಬರುವುದಿಲ್ಲ, ನಿದ್ದೆಯಲ್ಲಿ ನಿಮ್ಮ ಹಾಡು ಗುನುಗುತ್ತಾಳೆ.

ಕಾಗದವನ್ನು ಆ ತಗಡಿನ ಹಿಂದೆ ಇಡುತ್ತೇನೆ.

*

ಎರಡು ದಿನ ಕಳೆದಿದೆ. ಆಲಿಕೆ ಇವತ್ತು ಬೆಳಗ್ಗೆ ಆಯಿತು. ಕಾಗದವನ್ನು ಗೋಡೆಯಿಂದ ಮತ್ತೆ ತೆಗೆದು ಇಷ್ಟನ್ನು ಸೇರಿಸುತ್ತಿದ್ದೇನೆ. ಅವಸರದ ಅಕ್ಷರ, ಕೂಡಿಸಿಕೊಂಡು ಓದಿ.

ಮುಳ್ಳು ಕೊನೆಯ ಹಾಡಿಗೆ ಬಂತು. ಹೊನ್ನಿ ಕೂಗಿದಳು. ಮೂರು ಸಣ್ಣ ಕೆಮ್ಮು, ಒಂದು ಉದ್ದ. ನಾನು ಕಣ್ಣು ಮುಚ್ಚಿದೆ. ಆಗ ತಟ್ಟೆಯೊಳಗಿನಿಂದ ನಿಮ್ಮ ಸವೆದ ದನಿ ಆ ಮಾತು ಹೇಳಿತು, ಹೊನ್ನಿಯೂ ಜೊತೆಗೇ ಹೇಳಿದಳು. ಹೇಳಿ ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಎಲ್ಲರೂ ನಗುತ್ತ ದಾದಾ ಎಣಿಸಿದರು. ಮುನ್ನೂರಕ್ಕೆ ಅವಳು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದಳು.

ಯಾರಿಗೂ ಆಶ್ಚರ್ಯವಾಗಲಿಲ್ಲ. ಅದು ಯಾವಾಗಲೂ ಹಾಗೇ ಇತ್ತಲ್ಲ ಅನ್ನುತ್ತಾರೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟದ ಹಾಡಂತೆ. ಒದ್ದೆ ಬಟ್ಟೆಯ ಮಾತೆತ್ತಿದರೆ ರೇವಣಜ್ಜ ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಏಳು ಮಡಿಕೆಯ ಆ ಬಟ್ಟೆಯನ್ನು ಅವನ ಮನೆಯಲ್ಲಿ ರೊಟ್ಟಿ ಬುಟ್ಟಿಗೆ ಮುಚ್ಚಿದ್ದಾರೆ. ಮಣ್ಣು ಮಾಡಿದ ಜಾಗಕ್ಕೆ ಹೋಗಿ ನೋಡಿದೆ, ಅಲ್ಲಿ ಅವರೆಬಳ್ಳಿ ಹಬ್ಬಿದೆ.

ಈಗ ಅಡುಗೆ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ. ಆ ಕೈಯ ಸದ್ದು ನನಗೆ ಗೊತ್ತು. ಹನ್ನೆರಡು ವರ್ಷದಿಂದ ಕೇಳಿರಲಿಲ್ಲ ಎಂದು ಬರೆಯಲು ಹೊರಟರೆ, ನಿನ್ನೆಯೂ ಕೇಳಿದಂತೆ ನೆನಪಾಗುತ್ತಿದೆ. ಮೇಲೆ ಬರೆದದ್ದನ್ನು ಓದಿದೆ. ಅಕ್ಷರ ನನ್ನದೇ. ಅದರಲ್ಲಿ ನಾನು ಅಕ್ಕನ ಮೇಲೆ ಮಣ್ಣು ಹಾಕಿದ್ದೇನೆ ಎಂದಿದೆ. ಯಾರು ಹೀಗೆ ಬರೆಯುತ್ತಾರೆ, ಬದುಕಿರುವ ಅಕ್ಕನ ಮೇಲೆ? ಹರಿದು ಒಲೆಗೆ ಹಾಕೋಣ ಅನ್ನಿಸುತ್ತಿದೆ. ಅದೇ ನನ್ನ ಹೆದರಿಕೆ. ನಾನು ಇದನ್ನು ಸುಟ್ಟರೆ, ಅಥವಾ ನೀವು ನಕ್ಕು ಎಸೆದರೆ, ಆ ಮಾತು ತಟ್ಟೆಯಿಂದ ಹೋಗುತ್ತದೆ. ಅಕ್ಕ ಮತ್ತೆ ಹೋಗುತ್ತಾಳೆ, ಒಮ್ಮೆ ಬಂದಿದ್ದಳು ಎಂಬುದೂ ನನಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಬರೆದದ್ದರ ಮೇಲೆ ನಂಬಿಕೆ ಉಳಿದಿರುವಾಗಲೇ ಇದನ್ನು ಗೋಡೆಗೆ ಸೇರಿಸುತ್ತಿದ್ದೇನೆ. ನನಗೆ ಮರೆಯುತ್ತಿದೆ, ನೀವು ಮರೆಯಬೇಡಿ.

“ಫಕೀರೀ, ರೊಟ್ಟಿ ಆರಾಕತ್ತಾವ, ಬಾ.”

ಅಕ್ಕ ಕರೆಯುತ್ತಿದ್ದಾಳೆ. ಹೋಗಿ ಬರುತ್ತೇನೆ.

ಫಕೀರವ್ವ