ಸಪ್ಪನ ಅಡಿಗೆ

ಮುಕ್ಕುಂದ
೧೨-೧-೧೯೯೨

ಒಡಹುಟ್ಟದಿದ್ದರೂ ನನಗೆ ಅಕ್ಕನೇ ಆದ ಗಿರಿಯಮ್ಮಕ್ಕನಿಗೆ, ಯಮನೂರಮ್ಮ ಪಾದ ಮುಟ್ಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಇದ್ದೇವೆ. ಗುರುಗುಂಟಾದಲ್ಲಿ ನೀನು, ನಿನ್ನ ಅಣ್ಣ, ಅತ್ತಿಗೆ ಎಲ್ಲರೂ ಸುಖವಾಗಿರುವಿರೆಂದು ನಂಬಿದ್ದೇನೆ. ನೀನು ಹೋಗಿ ಮೂರು ವರ್ಷವಾಯಿತು. ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ದೀಪಾವಳಿಗೆ ಇನ್‌ಲ್ಯಾಂಡ್ ಕಾಗದ ತರಿಸಿ ಅರ್ಧ ಬರೆದಿದ್ದೆ. ಏನು ಬರೆದರೂ ಸುಳ್ಳೆನಿಸಿ ಒಲೆಗೆ ಹಾಕಿದೆ.

ಮೊದಲು ನಮ್ಮ ಮನೆಯವರ ಸುದ್ದಿ. ಹೆದರಬೇಡ, ಈಗ ಆರಾಮಾಗಿದ್ದಾರೆ.

ಶ್ರಾವಣದಲ್ಲಿ ಭತ್ತದ ನಾಟಿ ನಡೆದಿತ್ತು. ಬದುವಿನ ಮೇಲೆ ನಿಂತು ನೀರು ಬಿಡುತ್ತಿದ್ದವರು ಸಲಿಕೆ ಕೈಬಿಟ್ಟು ಕುಸಿದರು. ಬಲಗೈ ಮೇಲೇಳದು. ಬಾಯಿ ಒಂದು ಕಡೆ ಎಳೆದು ಮಾತು ತೊದಲಿತು. ಪಕ್ಕದ ಹೊಲದ ದಾವಲ್‌ಸಾಬ್ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಸಿಂಧನೂರಿಗೆ ಓಡಿಸಿದ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದೆ. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಇನ್ನೂರರ ಮೇಲೆ! ದೇವರು ಕಣ್ಣು ತೆರೆದ. ಸಂಜೆಯೊಳಗೆ ಕೈ ಎದ್ದಿತು, ಮಾತೂ ತಿರುಗಿ ಬಂತು.

"ಈ ಸಲ ಪಾರಾಗ್ಯಾನವ್ವ. ಹಿಂಗ ಬಿಟ್ರ ಮುಂದಿನ ಸಲ ಲಕ್ವಾನೇ ಹೊಡಿತೈತಿ," ಎಂದರು ಡಾಕ್ಟರರು. "ಮನ್ಯಾಗ ಉಪ್ಪು ಎಷ್ಟು ಹಾಕ್ತಿ?"

ನಾನು ಮುಷ್ಟಿ ಹಿಡಿದು ತೋರಿಸಿದೆ.

"ಒಬ್ಬಗ ದಿನಕ್ಕ ಒಂದು ಸಣ್ಣ ಚಮಚಾ, ಅದರಾಗ ಎಲ್ಲಾ ಬಂತು. ಉಪ್ಪಿನಕಾಯಿ, ಹಪ್ಪಳ, ಬಸ್‌ಸ್ಟ್ಯಾಂಡಿನ ಮಿರ್ಚಿ, ಬೀಡಿ ಬಂದ್. ದಿನಾ ಗುಳಿಗಿ ನುಂಗಬೇಕು, ದಿನಾ ಅರ್ಧ ತಾಸು ನಡಿಬೇಕು."

ಅವರ ನಾಲಿಗೆ ನಿನಗೆ ಗೊತ್ತಲ್ಲ. ಮೊದಲ ದಿನವೇ ತಟ್ಟೆ ಸರಿಸಿ, "ಇದೇನು ಬೇ, ದನಕ್ಕ ಹಾಕೋ ಕಲಗಚ್ಚಾ?" ಎಂದರು. ಎರಡು ದಿನ ಹಾಲು ರೊಟ್ಟಿ ತಿಂದು ಮುನಿಸಿಕೊಂಡು ಮಲಗಿದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಆಗ ನೀನು ನೆನಪಾದೆ ಅಕ್ಕ.

ಮಕ್ಕಳಾಗಲಿಲ್ಲವೆಂದು ನೀನೇ ನನ್ನ ತವರು ಪಾಮನಕಲ್ಲೂರಿಗೆ ಬಂದು, ನಿನ್ನ ಗಂಡನಿಗೆ ಎರಡನೆಯವಳಾಗಿ ನನ್ನನ್ನು ಕರೆತಂದೆ. ಸವತಿಯ ಮನೆಯೆಂದು ನಡುಗುತ್ತ ಬಂದ ನನಗೆ ಆಗ ರೊಟ್ಟಿ ಬಡಿಯಲೂ ಬರುತ್ತಿರಲಿಲ್ಲ. ಹಿಟ್ಟು ನಾದುವುದರಿಂದ ಹಿಡಿದು ಎಲ್ಲ ನೀನೇ ಕಲಿಸಿದೆ. ಉಪ್ಪು ಹಾಕುವ ಮೊದಲು ಪಲ್ಲೆಯ ರುಚಿ ನೋಡಿಸುತ್ತಿದ್ದೆ. "ಹುಳಿ, ಖಾರ ಮೊದಲು ನೋಡು ಯಮನವ್ವ. ಉಪ್ಪು ಕಡೀಕ," ಎನ್ನುತ್ತಿದ್ದೆ.

ಮೂರನೆಯ ದಿನ ನಾನು ಹುಳಿಯಾದ ಪುಂಡಿಸೊಪ್ಪು ತಂದೆ. ಹಸಿಮೆಣಸಿನಕಾಯಿ ಜಜ್ಜಿ, ಬೆಳ್ಳುಳ್ಳಿ ಕೆಂಪಗೆ ಹುರಿದು, ಜೋಳದ ನುಚ್ಚು ಹಾಕಿ ಬೇಯಿಸಿದೆ. ಉಪ್ಪು ಚಿಟಿಕೆಯಷ್ಟೇ. ಗುರೆಳ್ಳು ಪುಡಿಗೆ ಅದೂ ಇಲ್ಲ, ಮೊಸರಿನ ಜೊತೆ ಬಡಿಸಿದೆ. ಸುಮ್ಮನೆ ಉಂಡರು. ತಟ್ಟೆ ಬಳಿದು, "ಇದನ್ನ ಎಲ್ಲಿ ಕಲ್ತಿ?" ಎಂದರು.

"ಅಕ್ಕ ಕಲಿಸ್ಯಾಳ."

ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಅಂದಿನಿಂದ ಮನೆಯವರೆಲ್ಲ ಅದೇ ಸಪ್ಪನ ಅಡಿಗೆ ಉಣ್ಣುತ್ತಿದ್ದೇವೆ. ಬೇರೆ ಗಡಿಗೆ ಇಟ್ಟರೆ ಅವರ ಕಣ್ಣು ಅದರ ಮೇಲೇ ಹೋಗುತ್ತಿತ್ತು.

ಬೀಡಿ ಬಿಡಿಸಲು ಇನ್ನೂ ಕಷ್ಟವಾಯಿತು. ಬಣವೆಯಲ್ಲಿ ಬಚ್ಚಿಟ್ಟ ಕಟ್ಟು ಒಂದು ದಿನ ಎಮ್ಮೆಯ ಮುಂದೆ ಹಾಕಿದ ಹುಲ್ಲಿನಲ್ಲಿ ಬಿತ್ತು. ನಮ್ಮ ಕರೆಮ್ಮ ಅದನ್ನು ಅಪ್ಪನ ಊಟದ ತಟ್ಟೆಯ ಪಕ್ಕ ಇಟ್ಟು ನಕ್ಕಳು. ಮಗಳ ಮುಂದೆ ನಾಚಿ ಬೀಡಿ ಬಿಟ್ಟರು. ದಸರೆಯಲ್ಲಿ "ಆರಾಮಾಗೀನಿ, ಗುಳಿಗಿ ಯಾಕ?" ಎಂದು ಎಂಟು ದಿನ ಮಾತ್ರೆ ನಿಲ್ಲಿಸಿ, ಮತ್ತೆ ತಲೆ ಸುತ್ತಿ ಕೂತರು. ಡಾಕ್ಟರರು ಚೆನ್ನಾಗಿ ಬೈದರು. ಈಗ ಕರೆಮ್ಮನೇ ಎದುರು ನಿಂತು ನುಂಗಿಸುತ್ತಾಳೆ. ಎಳ್ಳಮಾವಾಸ್ಯೆ ಮುಗಿಸಿ ಹೋಗಿ ತೋರಿಸಿದೆವು, ಬಿ.ಪಿ. ನೂರಾ ನಲವತ್ತಕ್ಕೆ ಇಳಿದಿದೆ.

ಮುಂಜಾನೆ ಕಾಲುವೆ ದಂಡೆಯ ಮೇಲೆ ನಡೆಯುತ್ತಾರೆ. ಒಬ್ಬರೇ ಹೋದರೆ "ಕೆಲಸಿಲ್ಲದಾಂವ ಅಂತಾರ" ಎಂದು ನನ್ನನ್ನೂ ಎಬ್ಬಿಸುತ್ತಾರೆ. ಹತ್ತು ಹೆಜ್ಜೆ ಮುಂದೆ ಅವರು, ಹಿಂದೆ ನಾನು. ನೀನೂ ನಾನೂ ಬಟ್ಟೆ ಒಗೆಯಲು ಹೋಗುತ್ತಿದ್ದ ದಾರಿಯೇ ಅದು. ನಿನ್ನೊಡನೆ ಆಡಿದಷ್ಟು ಮಾತು ನಾನು ಗಂಡನೊಡನೆಯೂ ಆಡಿಲ್ಲ. ಈಗಲೂ ನಗುವ ವಿಷಯವೇನಾದರೂ ಕಂಡರೆ ಪಕ್ಕಕ್ಕೆ ತಿರುಗುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ.

ಕರೆಮ್ಮ ಈ ಸಲ ಹತ್ತನೆಯ ಪರೀಕ್ಷೆಗೆ ಕೂರುತ್ತಾಳೆ. "ದೊಡ್ಡವ್ವ ಯಾವಾಗ ಬರ್ತಾಳ?" ಎಂದು ಕೇಳುತ್ತಾಳೆ. ಹೆತ್ತವಳು ನಾನು, ಎತ್ತಿ ಬೆಳೆಸಿದವಳು ನೀನು. ಅವಳು ದೊಡ್ಡವಳಾದ ದಿನ ನೀನು ಆರತಿ ತಟ್ಟೆ ಎತ್ತಿದಾಗ ನಾದಿನಿ ಪೀರಮ್ಮ "ಹಡೆಯದಾಕಿ ಆರತಿ ಹಿಡೀಬಾರ್ದು" ಎಂದಳು. ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಮರುದಿನ ಮೊದಲ ಬಸ್ಸಿಗೆ ನೀನು ಹೊರಟುಹೋದೆ. ಪೀರಮ್ಮನನ್ನು ತಡೆಯಲು ಒಂದು ಮಾತು ಸಾಕಾಗಿತ್ತು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ನೀನೂ ಉಪ್ಪು ಕಡಿಮೆ ತಿನ್ನು ಅಕ್ಕ, ಲಿಂಗಸುಗೂರಿಗೆ ಹೋಗಿ ಒಮ್ಮೆ ಬಿ.ಪಿ. ತೋರಿಸು. ನಿನಗೂ ವಯಸ್ಸಾಯಿತು. ನಿನ್ನ ಮಗಳು ಪಾಸಾಗಲೆಂದು ಹರಸು. ನನ್ನನ್ನು ಹರಸು ಎಂದು ಕೇಳುವ ಧೈರ್ಯ ಇಲ್ಲ.

ನಿನ್ನ ತಂಗಿ,
ಯಮನವ್ವ

ತಾ.ಕ.: ಇಷ್ಟು ಬರೆದೂ ನಿಜ ಬರೆದಿಲ್ಲ. ಆ ದಿನ ಟ್ರೇಲಿಯಲ್ಲಿ ಅವರು ತೊದಲುತ್ತ ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದರು. ಟ್ರ್ಯಾಕ್ಟರಿನ ಸದ್ದಿನಲ್ಲಿ ದಾವಲ್‌ಸಾಬ್ ತಿರುಗಿ, "ಅಣ್ಣ ಏನಂತಾನವ್ವ?" ಎಂದು ಕೂಗಿದ. "ನೀರು ಕೇಳಾಕತ್ತಾರ" ಎಂದೆ. ನೀರಲ್ಲ ಅಕ್ಕ. "ಗಿರೀನ ಕರಸು" ಎನ್ನುತ್ತಿದ್ದರು. ಅವರು ಸಾಯುತ್ತಾರೆಂದು ಹೆದರಿದ್ದ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಅವರು ಆಮೇಲೆ ಆ ಮಾತು ಎತ್ತಲೇ ಇಲ್ಲ. ನಾನು ಹೇಳಿಕಳಿಸಿದ್ದೆ, ನೀನೇ ಬರಲಿಲ್ಲ ಎಂದುಕೊಂಡಿರಬೇಕು ಅನಿಸಿತು. ಹಾಗೆಯೇ ಅಂದುಕೊಳ್ಳಲಿ ಎಂದು ಐದು ತಿಂಗಳು ಬಿಟ್ಟೆ. ನಿನಗೆ ಹೇಳಿಕಳಿಸಲೇ ಇಲ್ಲವೆಂದು ಇವತ್ತು ಅವರಿಗೆ ಹೇಳಿದೆ. ಬೈಯಲಿಲ್ಲ. ಸಂಕ್ರಾಂತಿ ಮುಗಿದ ಸೋಮವಾರ ಗುರುಗುಂಟಾಕ್ಕೆ ಹೋಗುತ್ತೇನೆ ಎಂದರು. ಮಸ್ಕಿ ಮೇಲಿಂದ ಬರುತ್ತಾರೆ. ಮಾತ್ರೆ ಕಟ್ಟಿ ಕಳಿಸುತ್ತೇನೆ, ಮುಂಜಾನೆ ಊಟವಾದ ಮೇಲೆ ಒಂದು. ನಿನ್ನನ್ನು ಕರೆತರುತ್ತಾರೋ, ತಾವೂ ಅಲ್ಲೇ ಉಳಿಯುತ್ತಾರೋ, ಕೇಳಲು ನನಗೆ ಬಾಯಿ ಬರಲಿಲ್ಲ.